113ರ ಲೆಕ್ಕ: ಮಲೆನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕರ್ನಾಟಕ ವಿಧಾನಸಭೆಯಲ್ಲಿ 224 ಸೀಟು, ಬಹುಮತಕ್ಕೆ 113 ಬೇಕು. ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳವರೆಗಿದೆ. ಆದರೂ ‘ಮುಂದೆ ಯಾರು ಬರುತ್ತಾರೆ’ ಎಂಬ ಚರ್ಚೆ ಅಡಿಕೆ ಮಂಡಿಯಿಂದ ಮದುವೆ ಪಂಕ್ತಿಯವರೆಗೆ ಶುರುವಾಗಿಬಿಟ್ಟಿದೆ. ಯಾರು ಗೆಲ್ಲುತ್ತಾರೆಂದು ಈ ಅಂಕಣ ಹೇಳುವುದಿಲ್ಲ. ಗೆಲ್ಲುವವರನ್ನು ಲೆಕ್ಕ ಹಾಕುವುದು ಹೇಗೆ, ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂದು ಕೇಳಿದವರಿಗೆ ಉತ್ತರ ಇಲ್ಲಿದೆ.

ಹೆಚ್ಚು ಓಟು ಬಿದ್ದವರಿಗೆ ಹೆಚ್ಚು ಸೀಟು ಬರಬೇಕಲ್ಲವೇ? 2018ರಲ್ಲಿ ಹಾಗೇಕೆ ಆಗಲಿಲ್ಲ?
— ನಿವೃತ್ತ ಶಿಕ್ಷಕರು, ಸಾಗರ

2018 ಒಂದೇ ಅಲ್ಲ ಸಾರ್. ಆ ವರ್ಷ ಕಾಂಗ್ರೆಸ್ಸಿಗೆ ಶೇ. 38, ಬಿಜೆಪಿಗೆ ಶೇ. 36 ಮತ ಬಿದ್ದಿತ್ತು. ಸೀಟು ಮಾತ್ರ ಕಾಂಗ್ರೆಸ್ಸಿಗೆ 80, ಬಿಜೆಪಿಗೆ 104. 2008ರಲ್ಲೂ ಮತದಲ್ಲಿ ಕಾಂಗ್ರೆಸ್ ಒಂದು ಶೇಕಡಾದಷ್ಟು ಮುಂದಿತ್ತು, ಸೀಟು 80ಕ್ಕೆ 110. 2004ರಲ್ಲಂತೂ ಮತದ ಅಂತರವೇ ಏಳು ಶೇಕಡಾದಷ್ಟಿತ್ತು, ಆದರೂ ಕಾಂಗ್ರೆಸ್ 65ಕ್ಕೆ ನಿಂತಿತು, ಬಿಜೆಪಿ 79 ಗೆದ್ದಿತು.

ಕಾರಣ ಮತ ಹಂಚಿಕೊಂಡಿರುವ ರೀತಿಯಲ್ಲಿದೆ. ಕಾಂಗ್ರೆಸ್ ಮತ ಬೀದರಿನಿಂದ ಚಾಮರಾಜನಗರದವರೆಗೆ ತೆಳ್ಳಗೆ ಹರಡಿಕೊಂಡಿರುವಂಥದ್ದು. ಗೆಲ್ಲದ ಕಡೆಯೂ ಅದು ಎರಡನೇ ಸ್ಥಾನದಲ್ಲಿರುತ್ತದೆ, ಎರಡನೇ ಸ್ಥಾನಕ್ಕೆ ಸೀಟಿಲ್ಲ. ಬಿಜೆಪಿ ಮತ ಕರಾವಳಿ, ಮಲೆನಾಡು, ಕಿತ್ತೂರು ಕರ್ನಾಟಕದ ಕಡೆ ಮಡುಗಟ್ಟಿರುತ್ತದೆ. ಮಂಡ್ಯದಂಥ ಜಿಲ್ಲೆಗಳಲ್ಲಿ ಬಹುಕಾಲ ಅದು ಕಣದಲ್ಲೇ ಇಲ್ಲದಷ್ಟು ಕಡಿಮೆ. ಗೆಲ್ಲಲಾಗದ ಕಡೆ ಮತ ವ್ಯರ್ಥವಾಗದಿದ್ದರೆ ಅದೇ ಲಾಭ.

ಈ ಲೆಕ್ಕ 2023ರಲ್ಲಿ ತಿರುಗಿಬಿತ್ತು. ಬಿಜೆಪಿ ಮತ ಆಗಲೂ ಶೇ. 36ರ ಆಸುಪಾಸು, ಕದಲಲಿಲ್ಲ. ಸೀಟು 104ರಿಂದ 66ಕ್ಕೆ ಇಳಿಯಿತು. ಜೆಡಿಎಸ್ ಶೇ. 18ರಿಂದ 13ಕ್ಕೆ ಇಳಿದು, ಕಾಂಗ್ರೆಸ್ 38ರಿಂದ ಸುಮಾರು 43ಕ್ಕೆ ಏರಿ 135 ಸೀಟು ಗೆದ್ದಿತು. ಬಿಜೆಪಿಗೆ ಹಳೇ ಮೈಸೂರಿನ ಕಡೆ ಮತ ಹೆಚ್ಚಾಯಿತು, ಆದರೆ ಗೆಲ್ಲುವಷ್ಟು ಹೆಚ್ಚಲಿಲ್ಲ. ಉತ್ತರದಲ್ಲೂ ಮಲೆನಾಡಿನಲ್ಲೂ ಕಡಿಮೆಯಾಯಿತು, ಅಲ್ಲಿ ಸೀಟು ಹೋಯಿತು. ರಾಜ್ಯದ ಸರಾಸರಿ ತೆಗೆದರೆ ಏರಿದ್ದೂ ಇಳಿದದ್ದೂ ಒಂದನ್ನೊಂದು ನುಂಗಿ 36 ಎಂಬ ಅದೇ ಅಂಕಿ ಉಳಿಯಿತು.

ಆದ್ದರಿಂದ ‘ಇಂಥ ಪಕ್ಷಕ್ಕೆ ಶೇ. 40’ ಎಂದು ಯಾರಾದರೂ ಹೇಳಿದರೆ ‘ಯಾವ ಭಾಗದಲ್ಲಿ?’ ಎಂದು ಕೇಳಿ. ಎರಡನೇ ಪ್ರಶ್ನೆ: ಮೂರನೇ ಪಕ್ಷದ ಮತ ಎಷ್ಟು, ಅದು ಕರಗಿದರೆ ಯಾವ ಕಡೆ ಹರಿಯುತ್ತದೆ? ಇವೆರಡಕ್ಕೂ ಉತ್ತರವಿಲ್ಲದ ಭವಿಷ್ಯ ನನ್ನ ಮಟ್ಟಿಗೆ ಗಿಣಿಶಾಸ್ತ್ರ.

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು. ಶಿವಮೊಗ್ಗ ಜಿಲ್ಲೆಯ ಗಾಳಿ ನೋಡಿದರೆ ರಾಜ್ಯದ ಗಾಳಿ ಗೊತ್ತಾಗುವುದಿಲ್ಲವೇ?
— ಹೋಟೆಲ್ ಮಾಲೀಕರು, ಶಿವಮೊಗ್ಗ

ಒಂದೇ ಪಾತ್ರೆಯ ಅನ್ನಕ್ಕೆ ಆ ಮಾತು ಸರಿ. ಇಲ್ಲಿ ಇರುವುದು 224 ಒಲೆ, ಒಂದೊಂದರ ಉರಿಯೂ ಬೇರೆ.

ಜಿಲ್ಲೆಯ ಏಳು ಸೀಟುಗಳನ್ನೇ ನೋಡಿ. 2013ರಲ್ಲಿ ಕಾಂಗ್ರೆಸ್ 3, ಜೆಡಿಎಸ್ 3, ಕೆಜೆಪಿ (ಯಡಿಯೂರಪ್ಪ ಬಿಜೆಪಿ ಬಿಟ್ಟು ನಡೆಸಿದ ಪಕ್ಷ) 1. 2018ರಲ್ಲಿ ಬಿಜೆಪಿ 6, ಕಾಂಗ್ರೆಸ್ ಭದ್ರಾವತಿ ಒಂದೇ. 2023ರಲ್ಲಿ ಕಾಂಗ್ರೆಸ್ 3, ಬಿಜೆಪಿ 3, ಜೆಡಿಎಸ್ 1. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದ ಪ್ರಮಾಣ ಈ ಜಿಲ್ಲೆಯಲ್ಲಿ ಕಾಣಲಿಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್ ಪಾಲಾಗಿತ್ತು. ತುಂಗೆಯ ಅದೇ ನೀರು ಕುಡಿಯುವ ತೀರ್ಥಹಳ್ಳಿ ಒಂದು ಕಡೆ ನಿಂತರೆ ಶೃಂಗೇರಿ ಇನ್ನೊಂದು ಕಡೆ ನಿಂತಿತು.

ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಹೀಗೆ ಹಳೆಯ ಶಿವಮೊಗ್ಗ ಜಿಲ್ಲೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ನಮ್ಮ ಗಾಳಿಯೇ ರಾಜ್ಯದ ಗಾಳಿ ಎಂಬ ನಂಬಿಕೆ ಅಲ್ಲಿಂದ ಬಂದಿರಬಹುದು. ದೊಡ್ಡ ನಾಯಕರಿರುವ ಜಿಲ್ಲೆ ರಾಜ್ಯದ ಸರಾಸರಿಯಿಂದ ದೂರ ಇರುವ ಸಂಭವವೇ ಹೆಚ್ಚು.

ಹತ್ತು ಸಾವಿರ ಜನರನ್ನು ಕೇಳಿ ಮಾಡಿದ ಸಮೀಕ್ಷೆ ಎಂದು ಟೀವಿಯಲ್ಲಿ ಹೇಳುತ್ತಾರೆ. ಐದು ಕೋಟಿ ಮತದಾರರಿಗೆ ಹತ್ತು ಸಾವಿರ ಯಾವ ಮೂಲೆಗೆ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಸಂಖ್ಯೆ ಸಾಕು. ತೊಂದರೆ ಇರುವುದು ಹಿಡಿ ತೆಗೆದ ಜಾಗದಲ್ಲಿ. ಚೀಲದ ಬಾಯಲ್ಲಿ ರಾಶಿ ಅಡಿಕೆ ಇಟ್ಟು ತಳದಲ್ಲಿ ಕಡಿಮೆ ದರ್ಜೆಯ ಗೊರಬಲು ತುಂಬಿದರೆ ಮೇಲಿನಿಂದ ಎಷ್ಟು ಹಿಡಿ ತೆಗೆದರೂ ರಾಶಿಯೇ ಬರುತ್ತದೆ. ಚೀಲ ಬುಡಮೇಲು ಮಾಡಿ ಕಲಸಿದ್ದರೆ ನಾಲ್ಕು ಹಿಡಿ ಸಾಕು.

ಲೆಕ್ಕ ಹೀಗೆ. ಕೇಳಿದವರ ಸಂಖ್ಯೆಯ ವರ್ಗಮೂಲ ತೆಗೆದು 98ನ್ನು ಅದರಿಂದ ಭಾಗಿಸಿ. ಬರುವುದೇ ಶೇಕಡಾವಾರು ತಪ್ಪಿನ ಮಿತಿ, ನೂರಕ್ಕೆ 95 ಸಲ ಇದರೊಳಗೆ ಬರುತ್ತದೆ ಎಂಬ ಅರ್ಥದಲ್ಲಿ. 1,000 ಜನರಿಗೆ ಆಚೀಚೆ 3.1, 10,000 ಜನರಿಗೆ ಸುಮಾರು 1. ಇದು ಒಂದು ಪಕ್ಷದ ಮತಕ್ಕೆ. ಸೀಟು ತೀರ್ಮಾನವಾಗುವುದು ಎರಡು ಪಕ್ಷಗಳ ನಡುವಿನ ಅಂತರದಲ್ಲಿ, ಅದರ ಮಿತಿ ಹತ್ತಿರಹತ್ತಿರ ಎರಡರಷ್ಟು. ಎರಡೂ ಪಕ್ಷ ಶೇ. 40ರ ಸುತ್ತ ಇದ್ದರೆ 1,000 ಜನರ ಸಮೀಕ್ಷೆಯಲ್ಲಿ ಅಂತರದ ಮಿತಿ ಆಚೀಚೆ 5.5. ‘ಮೂರು ಶೇಕಡಾ ಮುನ್ನಡೆ’ ಎಂದು ಕೆಂಪು ಪಟ್ಟಿಯಲ್ಲಿ ಓಡಿಸುವಾಗ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೂ ಒಂದಿದೆ. ಹತ್ತು ಸಾವಿರವನ್ನು 224ಕ್ಕೆ ಹಂಚಿದರೆ ಕ್ಷೇತ್ರಕ್ಕೆ 45 ಜನರೂ ಬರುವುದಿಲ್ಲ, ಅಲ್ಲಿ ಮಿತಿ ಆಚೀಚೆ 14ಕ್ಕೂ ಮೇಲೆ. ಅಂಥ ಸಮೀಕ್ಷೆ ಹಿಡಿದು ‘ತೀರ್ಥಹಳ್ಳಿಯಲ್ಲಿ ಇಂಥವರು ಸೋಲುತ್ತಾರೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಅವರಿಗೆ ಗಣಿತ ಬರುವುದಿಲ್ಲ.

ಮಲೆನಾಡಿನಲ್ಲಿ ತಪ್ಪುವುದು ಬಹುಮಟ್ಟಿಗೆ ಕೇಳುವ ಜಾಗದಿಂದಲೇ. ಒಂಟಿ ಮನೆಗಳು, ಮನೆಗೂ ಮನೆಗೂ ಮೈಲಿ ದೂರ, ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಸಮೀಕ್ಷೆಗೆ ಬಂದ ಹುಡುಗ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಚಹದ ಅಂಗಡಿಯಲ್ಲಿ ಫಾರಂ ತುಂಬಿಸುತ್ತಾನೆ. ಅಲ್ಲಿ ಸಿಗುವವರು ಪೇಟೆಗೆ ಬರುವ ಗಂಡಸರು. ತೋಟದ ಕೂಲಿಯವರು, ಮನೆಯಲ್ಲಿರುವ ಹೆಂಗಸರು, ಕಾಡಂಚಿನ ಊರಿನವರು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಹೆಂಗಸರ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟು ಸರಿದೂಗಿಸಲು ನೋಡುತ್ತಾರೆ. ಸಿಕ್ಕ ಹತ್ತು ಹೆಂಗಸರೂ ಪೇಟೆಯವರೇ ಆಗಿದ್ದರೆ ಆ ತೂಕ ತಪ್ಪನ್ನೇ ದೊಡ್ಡದು ಮಾಡುತ್ತದೆ.

ಹಾಗೆಯೇ ‘ಕಳೆದ ಸಲ ಯಾರಿಗೆ ಹಾಕಿದ್ದಿರಿ’ ಎಂದು ಕೇಳಿ ತೂಕ ಸರಿಮಾಡುವ ಕ್ರಮವೊಂದಿದೆ. ಸೋತವರಿಗೆ ಹಾಕಿದ ಎಷ್ಟೋ ಜನ ಗೆದ್ದವರಿಗೇ ಹಾಕಿದ್ದೆ ಎನ್ನುತ್ತಾರೆ. ಕೆಲವರು ಬೇಕೆಂದೇ ಹೇಳುತ್ತಾರೆ, ಕೆಲವರಿಗೆ ನಿಜಕ್ಕೂ ಹಾಗೇ ನೆನಪಿರುತ್ತದೆ. ಅದನ್ನು ನಂಬಿ ತೂಕ ಹಾಕಿದರೆ ಗೆದ್ದ ಪಕ್ಷದ ಬಲ ಕಡಿಮೆಯಾಗಿ ಕಾಣುತ್ತದೆ.

ಮತಗಟ್ಟೆ ಸಮೀಕ್ಷೆಗಳು ಒಂದಕ್ಕೊಂದು ತದ್ವಿರುದ್ಧ ಇರುತ್ತವೆ. ಯಾವುದನ್ನು ನಂಬುವುದು?
— ಕಾಲೇಜು ವಿದ್ಯಾರ್ಥಿನಿ, ಭದ್ರಾವತಿ

2023ರಲ್ಲಿ ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್ಸಿಗೆ 122ರಿಂದ 140 ಎಂದಿತ್ತು, ಬಂದದ್ದು 135. ಅದೇ ಸಂಸ್ಥೆ 2024ರ ಲೋಕಸಭೆಗೆ ಎನ್‌ಡಿಎಗೆ 361ರಿಂದ 401 ಎಂದಿತು, ಬಂದದ್ದು 293. ಅದೇ ವರ್ಷ ಹರಿಯಾಣದಲ್ಲಿ ಸಮೀಕ್ಷೆಗಳೆಲ್ಲ ಕಾಂಗ್ರೆಸ್ ಎಂದವು, ಗೆದ್ದದ್ದು ಬಿಜೆಪಿ, 90ರಲ್ಲಿ 48. ಅಲ್ಲಿ ಎರಡು ಪಕ್ಷಗಳ ಮತದ ಅಂತರ ಒಂದು ಶೇಕಡಾಕ್ಕಿಂತ ಕಡಿಮೆ, ಸೀಟಿನ ಅಂತರ 11. ಒಮ್ಮೆ ಸರಿ ಹೇಳಿದ ಸಂಸ್ಥೆಗೆ ಮುಂದಿನ ಸಲಕ್ಕೂ ಅದೇ ವರ ಇರುತ್ತದೆಂದು ಇಲ್ಲ.

ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ತಪ್ಪು ಕಡಿಮೆಯಾಗುತ್ತದೆ ಎಂಬುದೂ ಅರ್ಧ ಸತ್ಯ. ಹತ್ತು ಸಂಸ್ಥೆಗಳೂ ಅದೇ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದರೆ ಸರಾಸರಿಯೂ ಬಸ್ ಸ್ಟ್ಯಾಂಡಿನ ಸರಾಸರಿಯೇ. ಮಾದರಿ ಗಾತ್ರ, ಕೇಳಿದ ದಿನಾಂಕ, ಮನೆಗೆ ಹೋಗಿ ಕೇಳಿದ್ದೋ ಫೋನಿನಲ್ಲೋ, ‘ಹೇಳುವುದಿಲ್ಲ’ ಎಂದವರೆಷ್ಟು, ಖರ್ಚು ಯಾರದು, ಇಷ್ಟನ್ನು ಬಹಿರಂಗ ಮಾಡದ ಸಮೀಕ್ಷೆಯನ್ನು ಪಕ್ಕಕ್ಕಿಡಿ.

ಕಾನೂನೂ ತಿಳಿದಿರಲಿ. ಜನಪ್ರತಿನಿಧಿ ಕಾಯ್ದೆಯ 126ಎ ಕಲಂ ಪ್ರಕಾರ ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತಿಲ್ಲ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಮತದಾನದ ದಿನ ಮಧ್ಯಾಹ್ನ ವಾಟ್ಸಾಪಿನಲ್ಲಿ ಬರುವ ‘ಎಕ್ಸಿಟ್ ಪೋಲ್’ ಯಾವುದೋ ಪಕ್ಷದ ಕಚೇರಿಯಲ್ಲಿ ಹುಟ್ಟಿದ್ದು.

ಮನೆಯಲ್ಲಿ ಕುಳಿತು ನಾವೇ ಲೆಕ್ಕ ಹಾಕಬಹುದೇ? ಎಕ್ಸೆಲ್ ಸ್ವಲ್ಪ ಬರುತ್ತದೆ.
— ಸೊಸೈಟಿ ಗುಮಾಸ್ತರು, ಹೊಸನಗರ

ಧಾರಾಳವಾಗಿ. ಚುನಾವಣಾ ಆಯೋಗದ ಜಾಲತಾಣದಲ್ಲಿ 2023ರ ಕ್ಷೇತ್ರವಾರು ಫಲಿತಾಂಶ ಸಿಗುತ್ತದೆ. 224 ಸಾಲು ಮಾಡಿ. ಕಂಬಗಳು: ಕ್ಷೇತ್ರ, ಭಾಗ (ಕರಾವಳಿ, ಮಲೆನಾಡು, ಹಳೇ ಮೈಸೂರು, ಬೆಂಗಳೂರು, ಮಧ್ಯ, ಕಿತ್ತೂರು, ಕಲ್ಯಾಣ), ಮೂರು ಪಕ್ಷಗಳ ಶೇಕಡಾ ಮತ, ಇತರರು. ನೋಟಾ ಸೇರಿಸುತ್ತೀರೋ ಬಿಡುತ್ತೀರೋ, ಎಲ್ಲ ವರ್ಷಕ್ಕೂ ಒಂದೇ ಕ್ರಮ ಇರಲಿ. 2013ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ನೋಟಾ ಇರಲಿಲ್ಲ ಎಂಬುದನ್ನು ಮರೆಯಬೇಡಿ.

ಈಗ ನಂಬಬಹುದಾದ ಸಮೀಕ್ಷೆಯಿಂದ ಭಾಗವಾರು ಏರಿಳಿತ ತೆಗೆದುಕೊಂಡು ಆಯಾ ಭಾಗದ ಎಲ್ಲ ಕ್ಷೇತ್ರಕ್ಕೂ ಸೇರಿಸಿ. ಒಂದು ಕ್ಷೇತ್ರದಲ್ಲಿ ಕಳೆದ ಸಲ ‘ಅ’ ಪಕ್ಷಕ್ಕೆ 46, ‘ಆ’ ಪಕ್ಷಕ್ಕೆ 42 ಇತ್ತೆನ್ನಿ. ಆ ಭಾಗದಲ್ಲಿ ‘ಅ’ 2 ಇಳಿದು ‘ಆ’ 1 ಏರಿದೆ ಎಂದಾದರೆ ಈಗ 44, 43. ಮುನ್ನಡೆ 4ರಿಂದ 1ಕ್ಕೆ ಬಂತು.

ಹೆಚ್ಚಿನವರು ಎಡವುವುದು ಇಲ್ಲಿ. ಮುನ್ನಡೆ ಒಂದೇ ಶೇಕಡಾ ಇದ್ದರೂ ‘ಅ ಗೆದ್ದಿತು’ ಎಂದು ಪೂರ್ತಿ ಒಂದು ಸೀಟು ಬರೆದುಬಿಡುತ್ತಾರೆ. ಅದರ ಬದಲು ಗೆಲ್ಲುವ ಸಂಭವ ಬರೆಯಿರಿ. ಒಂದು ಕ್ಷೇತ್ರದ ಮುನ್ನಡೆಯ ಅಂದಾಜು ಸಾಮಾನ್ಯವಾಗಿ 6 ಶೇಕಡಾದಷ್ಟು ಆಚೀಚೆ ಆಗುತ್ತದೆ ಎಂದಿಟ್ಟುಕೊಂಡರೆ ಮುನ್ನಡೆ 0 ಇದ್ದಲ್ಲಿ 0.50, 1 ಇದ್ದಲ್ಲಿ 0.57, 3 ಇದ್ದಲ್ಲಿ 0.69, 6 ಇದ್ದಲ್ಲಿ 0.84, 12 ಇದ್ದಲ್ಲಿ 0.98. ಎಕ್ಸೆಲ್‌ನಲ್ಲಿ ನಾರ್ಮ್ ಡಿಸ್ಟ್ ಸೂತ್ರ ಇದನ್ನು ಕೊಡುತ್ತದೆ. ಕೊನೆಗೆ ಕಂಬ ಕೂಡಿಸಿ. ಮೂರು ಶೇಕಡಾ ಮುಂದಿರುವ 40 ಕ್ಷೇತ್ರಗಳಿಂದ ನಿಮಗೆ ಸಿಗುವುದು 40 ಸೀಟಲ್ಲ, ಸುಮಾರು 28.

ಕೂಡಿಸಿದ ಮೇಲೆ ಇಡೀ ರಾಜ್ಯದ ಮುನ್ನಡೆಯನ್ನು 3 ಹೆಚ್ಚಿಸಿ ಒಮ್ಮೆ, 3 ಇಳಿಸಿ ಒಮ್ಮೆ ಮತ್ತೆ ಲೆಕ್ಕ ಹಾಕಿ. ಸಮೀಕ್ಷೆ ತಪ್ಪಿದರೆ ಸಾಮಾನ್ಯವಾಗಿ ಎಲ್ಲ ಕ್ಷೇತ್ರಗಳಲ್ಲೂ ಒಂದೇ ದಿಕ್ಕಿಗೆ ತಪ್ಪುತ್ತದೆ, ಅಲ್ಲಿ ಹೆಚ್ಚು ಇಲ್ಲಿ ಕಡಿಮೆ ಎಂದು ಸರಿಹೋಗುವುದಿಲ್ಲ. ಮೂರೂ ಲೆಕ್ಕದಲ್ಲಿ ಒಂದೇ ಪಕ್ಷ 113 ದಾಟಿದರೆ ಧೈರ್ಯವಾಗಿ ಹೇಳಿ. ದಾಟದಿದ್ದರೆ ಅತಂತ್ರದ ಸಾಧ್ಯತೆಯೂ ಇದೆ ಎಂದೇ ಹೇಳಿ.

ನಿಮ್ಮ ಊರಿನವರಿಗೆ ಇನ್ನೊಂದು ಎಚ್ಚರಿಕೆ. ಈಗಿನ ಗಡಿಗಳು 2008ರಿಂದ ಬಂದವು. ಆಗ ಹೊಸನಗರ ಕ್ಷೇತ್ರವೇ ಮಾಯವಾಗಿ ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಯಿತು. 2004ರ ತೀರ್ಥಹಳ್ಳಿಯನ್ನು 2008ರ ತೀರ್ಥಹಳ್ಳಿಗೆ ಹೋಲಿಸಿದರೆ ಬೇರೆಬೇರೆ ಜನರನ್ನು ಹೋಲಿಸಿದಂತೆ. ಮುಂದೆ ಮತ್ತೆ ಮರುವಿಂಗಡಣೆಯಾದರೆ ನಮೂನೆ 20ರಲ್ಲಿರುವ ಮತಗಟ್ಟೆವಾರು ಅಂಕಿ ತೆಗೆದು ಹೊಸ ಗಡಿಗೆ ಕೂಡಿಸಿಕೊಳ್ಳಬೇಕು. ತಲೆನೋವಿನ ಕೆಲಸ, ಬೇರೆ ದಾರಿಯಿಲ್ಲ.

ಬಂಡಾಯ ಅಭ್ಯರ್ಥಿಗಳನ್ನು ಈ ಲೆಕ್ಕದಲ್ಲಿ ಎಲ್ಲಿಡುವುದು?
— ಓದುಗರು, ಶಿಕಾರಿಪುರ

ನಿಮ್ಮ ಊರೇ ಉದಾಹರಣೆ. 2023ರಲ್ಲಿ ಬಿಜೆಪಿಯ ವಿಜಯೇಂದ್ರ ಅವರು ಸುಮಾರು 11 ಸಾವಿರ ಅಂತರದಲ್ಲಿ ಗೆದ್ದರು. ಎರಡನೇ ಸ್ಥಾನದಲ್ಲಿದ್ದದ್ದು ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತವರು, ಅಧಿಕೃತ ಕಾಂಗ್ರೆಸ್ ಅಭ್ಯರ್ಥಿ ಬಹಳ ಹಿಂದೆ. ಪಕ್ಷದ ಹೆಸರು ನೋಡಿ ಏರಿಳಿತ ಸೇರಿಸುವ ಎಕ್ಸೆಲ್ ಹಾಳೆಗೆ ಇಂಥ ಕ್ಷೇತ್ರ ಅರ್ಥವೇ ಆಗುವುದಿಲ್ಲ. ಮುಂದಿನ ಸಲದ ಲೆಕ್ಕಕ್ಕೆ 2023ರ ಬದಲು 2018ರ ಪಕ್ಷವಾರು ಮತವನ್ನು ಆಧಾರವಾಗಿ ಹಿಡಿದು ರಾಜ್ಯದ ಬದಲಾವಣೆ ಸೇರಿಸುವುದು ಮೇಲು.

ಒಡಕು ದೊಡ್ಡದಾದರೆ ರಾಜ್ಯವೇ ತಿರುಗುತ್ತದೆ. 2013ರಲ್ಲಿ ಕೆಜೆಪಿ ಸುಮಾರು ಶೇ. 10 ಮತ ಪಡೆದು ಗೆದ್ದದ್ದು 6 ಸೀಟು ಮಾತ್ರ, ಆದರೆ ಬಿಜೆಪಿ 40ಕ್ಕೆ ಇಳಿಯಿತು. ಶಿವಮೊಗ್ಗ ನಗರದಲ್ಲಿ ಕಾಂಗ್ರೆಸ್ ಗೆದ್ದ ಅಂತರ ಮುನ್ನೂರಕ್ಕೂ ಕಡಿಮೆ. ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ ಕಳೆಯುವವರೆಗೆ ಕ್ಷೇತ್ರವಾರು ಅಂಕಿ ಬರೆಯಬೇಡಿ.

ಲೋಕಸಭೆ, ಗ್ರಾಮ ಪಂಚಾಯಿತಿ ಫಲಿತಾಂಶ ನೋಡಿ ವಿಧಾನಸಭೆ ಹೇಳಬಹುದೇ?
— ಪಂಚಾಯಿತಿ ಸದಸ್ಯರು, ಕೊಪ್ಪ

ಲೋಕಸಭೆಯಿಂದ ಹೇಳಲಾಗದು. 2013ರಲ್ಲಿ ಕಾಂಗ್ರೆಸ್ಸಿಗೆ 122 ಕೊಟ್ಟ ರಾಜ್ಯ ಮರುವರ್ಷ ಬಿಜೆಪಿಗೆ 28ರಲ್ಲಿ 17 ಕೊಟ್ಟಿತು. 2023ರಲ್ಲಿ 135 ಕೊಟ್ಟ ಮೇಲೆ 2024ರಲ್ಲೂ ಅದೇ 17. ನಮ್ಮ ಮತದಾರ ಎರಡು ಡಬ್ಬಿಗೆ ಎರಡು ಲೆಕ್ಕ ಇಟ್ಟಿದ್ದಾನೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದೇ ಇಲ್ಲ. ‘ನಮ್ಮವರು ಇಷ್ಟು ಸಾವಿರ ಗೆದ್ದರು’ ಎಂದು ಎರಡೂ ಪಕ್ಷದವರು ಹೇಳಿಕೊಳ್ಳುವ ಸಂಖ್ಯೆ ಕೂಡಿಸಿ ನೋಡಿ, ಒಟ್ಟು ಸ್ಥಾನಕ್ಕಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ.

ಮತದಾನ ಹೆಚ್ಚಾದರೆ ಆಡಳಿತ ಪಕ್ಷಕ್ಕೆ ಸೋಲು ಎನ್ನುತ್ತಾರಲ್ಲ?
— ಓದುಗರು, ತರೀಕೆರೆ

2013, 2018, 2023 ಮೂರರಲ್ಲೂ ಮತದಾನ ಶೇ. 71ರಿಂದ 73ರ ಆಸುಪಾಸು. ಫಲಿತಾಂಶ ಮೂರು ಥರ. ಈ ಸೂತ್ರ ಬಿಟ್ಟುಬಿಡಿ.

‘1985ರ ನಂತರ ಆಡಳಿತ ಪಕ್ಷ ಬಹುಮತದೊಂದಿಗೆ ಮರಳಿಲ್ಲ’ ಎಂಬುದು ನಿಜ, 1989ರಿಂದ ಎಂಟು ಚುನಾವಣೆ ಹಾಗೇ ನಡೆದಿವೆ. ಆದರೆ ಎಂಟು ಸಲ ನಡೆದದ್ದು ನಿಯಮ ಆಗುವುದಿಲ್ಲ. 2004ರಲ್ಲೂ 2018ರಲ್ಲೂ ಸೋತ ಕಾಂಗ್ರೆಸ್ಸೇ ಮೈತ್ರಿ ಸರ್ಕಾರದಲ್ಲಿ ಕುಳಿತಿತ್ತು.

ಬಾಜಿ ಕಟ್ಟುವವರಿಗೆ ಒಳಗಿನ ಸುದ್ದಿ ಗೊತ್ತಿರುತ್ತದಂತೆ. ಅವರ ದರ ನೋಡಿದರೆ ಸಾಕಲ್ಲವೇ?
— ಓದುಗರು, ಸೊರಬ

ಅವರು ನೋಡುವುದೂ ನೀವು ನೋಡುವ ಟೀವಿಯನ್ನೇ. ಜೊತೆಗೆ, ಗಾಳಿ ಎಬ್ಬಿಸಲೆಂದೇ ಪಕ್ಷದವರು ದುಡ್ಡು ಹಾಕಿ ದರ ಏರಿಸುವುದುಂಟು. ಬಾಜಿ ಅಪರಾಧ, ಗೆದ್ದರೂ ಕೋರ್ಟಿನಲ್ಲಿ ವಸೂಲಿ ಮಾಡುವಂತಿಲ್ಲ. ಕರಾರು ಕಾಯ್ದೆಯ 30ನೇ ಕಲಂ ಅಂಥ ಒಪ್ಪಂದವನ್ನು ಅನೂರ್ಜಿತ ಎನ್ನುತ್ತದೆ. ಬೈಕು, ಬೆಳೆ ಎಂದು ಬಾಯಿಮಾತಿಗೆ ಒತ್ತೆ ಇಡುವ ಮುಂಚೆ ಮನೆಯವರನ್ನು ಕೇಳಿ.

ಎಣಿಕೆಯ ದಿನ ಟೀವಿ ಮುಂದೆ ಕುಳಿತು ಯಾವ ಹೊತ್ತಿಗೆ ಫಲಿತಾಂಶ ನಂಬಬಹುದು?
— ಓದುಗರು, ಶೃಂಗೇರಿ

2018ರಲ್ಲಿ ಬೆಳಿಗ್ಗೆ ಬಿಜೆಪಿ ಮುನ್ನಡೆ 113 ದಾಟಿ ಪಟಾಕಿ ಹೊಡೆದಾಗಿತ್ತು, ಸಂಜೆಗೆ 104ಕ್ಕೆ ನಿಂತಿತು. ಎಣಿಕೆಯ ಕ್ರಮ ತಿಳಿದಿದ್ದರೆ ಅದರ ಕಾರಣ ತಿಳಿಯುತ್ತದೆ.

ಎಂಟು ಗಂಟೆಗೆ ಅಂಚೆ ಮತ, ಎಂಟೂವರೆಗೆ ಯಂತ್ರ. ಸಾಮಾನ್ಯವಾಗಿ ಕ್ಷೇತ್ರಕ್ಕೆ 14 ಮೇಜು, ಒಂದು ಸುತ್ತಿಗೆ 14 ಮತಗಟ್ಟೆ. 250 ಮತಗಟ್ಟೆ ಇದ್ದರೆ 18 ಸುತ್ತು. ಮತಗಟ್ಟೆಗಳು ಸಂಖ್ಯೆಯ ಕ್ರಮದಲ್ಲಿ ಬರುತ್ತವೆ, ಸಂಖ್ಯೆ ಒಂದು ಹೋಬಳಿಯಿಂದ ಇನ್ನೊಂದಕ್ಕೆ ಸಾಗುತ್ತದೆ. ಹಾಗಾಗಿ ಮೊದಲ ಮೂರು ಸುತ್ತು ಎಂದರೆ ಕ್ಷೇತ್ರದ ಒಂದು ಮೂಲೆ. ಆ ಮೂಲೆ ಯಾರದ್ದೋ ಅವರು ಮುಂದಿರುತ್ತಾರೆ.

ಉಪಾಯ ಒಂದಿದೆ. ಕಳೆದ ಚುನಾವಣೆಯ ನಮೂನೆ 20 ತೆಗೆದು ಅದೇ ಮತಗಟ್ಟೆಗಳ ಮೊತ್ತ ಸುತ್ತುವಾರು ಬರೆದಿಟ್ಟುಕೊಳ್ಳಿ. ಕಳೆದ ಸಲ ಐದನೇ ಸುತ್ತಿನ ಹೊತ್ತಿಗೆ ನಿಮ್ಮ ಅಭ್ಯರ್ಥಿ 4,000 ಮುಂದಿದ್ದು ಕೊನೆಗೆ 1,000ದಲ್ಲಿ ಗೆದ್ದಿದ್ದರೆ, ಈ ಸಲ ಐದನೇ ಸುತ್ತಿಗೆ 2,000 ಮುಂದಿರುವುದು ಸೋಲಿನ ಸೂಚನೆ. ಮತಗಟ್ಟೆಗಳ ಸಂಖ್ಯೆ ಬದಲಾಗಿರಬಹುದು, ಊರಿನ ಹೆಸರು ನೋಡಿ ಹೊಂದಿಸಿಕೊಳ್ಳಿ. ಮತದಾನದ ಸಂಜೆ ಏಜೆಂಟರ ಕೈಗೆ ಕೊಡುವ 17ಸಿ ನಮೂನೆಯಿಂದ ಯಾವ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಬಿದ್ದಿದೆ ಎಂಬುದೂ ತಿಳಿಯುತ್ತದೆ.

ನಿಮ್ಮ ಶೃಂಗೇರಿಯಂಥ ಕಡೆ ಇದೂ ಸಾಲದು. 2023ರಲ್ಲಿ ಅಲ್ಲಿ ಘೋಷಿಸಿದ ಅಂತರ 201, ಬೆಂಗಳೂರಿನ ಜಯನಗರದಲ್ಲಿ 16. ಇಷ್ಟು ಕಡಿಮೆ ಇದ್ದರೆ ಅಂಚೆ ಮತದಲ್ಲಿ ತಿರಸ್ಕೃತವಾದವುಗಳೇ ಫಲಿತಾಂಶ ಬದಲಿಸಬಲ್ಲವು. ಅಂಥ ಕ್ಷೇತ್ರಕ್ಕೆ ಯಾರ ಭವಿಷ್ಯವೂ ಭವಿಷ್ಯವಲ್ಲ, ನಾಣ್ಯ ಚಿಮ್ಮಿದಂತೆ.

113 ಬಾರದಿದ್ದರೆ ಮುಂದೇನು ಎಂದು ಮೊದಲೇ ಹೇಳಬಹುದೇ?
— ವಕೀಲರು, ಶಿವಮೊಗ್ಗ

ಲೆಕ್ಕ ಅಲ್ಲಿಗೆ ಮುಗಿದು ರಾಜಕೀಯ ಶುರುವಾಗುತ್ತದೆ. 2018ರಲ್ಲಿ 104 ಇದ್ದ ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟರು, 37 ಸೀಟಿನ ಪಕ್ಷದ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಮರುವರ್ಷ ಜುಲೈ 23ರಂದು ಅವರು 99–105ರಲ್ಲಿ ವಿಶ್ವಾಸಮತ ಸೋತರು. ನೋಡಿ, 105ಕ್ಕೇ ಸರ್ಕಾರ ಬಿತ್ತು. ಬೇಕಾದದ್ದು ಹಾಜರಿದ್ದು ಮತ ಹಾಕಿದವರ ಬಹುಮತ, 113 ಅಂದರೆ ಎಲ್ಲ 224 ಮಂದಿ ಬಂದಾಗಿನ ಸಂಖ್ಯೆ. ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ.

2019ರಲ್ಲಿ 17 ಶಾಸಕರು ಅನರ್ಹರಾದರು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಹಾಗಾಗಿ ಅತಂತ್ರ ಎಂದು ಲೆಕ್ಕ ಬಂದರೆ ‘ಸರ್ಕಾರ ಯಾರದ್ದು’ ಎಂಬುದಕ್ಕೆ ಎರಡು ಉತ್ತರ ಸಿದ್ಧವಿರಲಿ: ಮೊದಲ ತಿಂಗಳಿಗೆ ಒಂದು, ಹದಿನೈದನೇ ತಿಂಗಳಿಗೆ ಇನ್ನೊಂದು.

ವಿಧಾನಸಭೆ ಗೆದ್ದರೆ ಪರಿಷತ್ತೂ ಅವರದೇ ಆಗುತ್ತದೆಯೇ?
— ಪದವೀಧರ ಮತದಾರರು, ಶಿವಮೊಗ್ಗ

ತಕ್ಷಣ ಆಗುವುದಿಲ್ಲ. 75 ಸ್ಥಾನಗಳಲ್ಲಿ ಶಾಸಕರು ಆರಿಸುವುದು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಆರು ವರ್ಷದ ಅವಧಿ, ಎಲ್ಲರೂ ಒಟ್ಟಿಗೆ ನಿವೃತ್ತರಾಗುವುದಿಲ್ಲ. 135 ಸೀಟಿನ ಸರ್ಕಾರದ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ 2024ರ ಫೆಬ್ರವರಿಯಲ್ಲಿ ಪರಿಷತ್ತಿನಲ್ಲಿ ಬಿದ್ದುಹೋಗಿತ್ತು. ಆದರೆ ಪರಿಷತ್ತು ತಡೆಯಲಾರದು, ತಡ ಮಾಡಬಲ್ಲದು ಅಷ್ಟೇ. ಸಂವಿಧಾನದ 197ನೇ ವಿಧಿಯಂತೆ ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು. ಹಣಕಾಸು ಮಸೂದೆಗೆ ಹದಿನಾಲ್ಕೇ ದಿನ.